ಆಟದಿಂದ ಅರಸೊತ್ತಿಗೆ ಅಲುಗುವುದೇ?

ಕಳೆದ ಶ್ರಾವಣದ ಒಂದು ಸೋಮವಾರ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಸಂಜೆಯ ಪ್ರವಚನ ಮುಗಿದು, ಪ್ರಸಾದ ವಿನಿಯೋಗವೂ ಆಗಿ, ಭಕ್ತಾದಿಗಳು ಒಬ್ಬೊಬ್ಬರಾಗಿ ಮನೆಗೆ ತೆರಳುತ್ತಿದ್ದರು. ಪರಿಚಿತ ಮನೆತನದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಾವು ಕುಳಿತಿದ್ದಲ್ಲಿಗೆ ಬಂದು ಶರಣಾರ್ಥಿ ಸಲ್ಲಿಸಿದರು. ಮಗಳು ಪದವಿ ತರಗತಿಯ ವಿದ್ಯಾರ್ಥಿನಿ; ಬಾಲ್ಯದಿಂದಲೂ ನಾವು ಬಲ್ಲ ಮಗು.

"ಶಾಸ್ತ್ರಿಗಳೇ, ಇವಳಿಗೆ ತಾವೇ ನಾಲ್ಕು ಬುದ್ಧಿಮಾತು ಹೇಳಬೇಕು. ಕಾಲೇಜಿನ ಹುಡುಗರ ಜೊತೆ ಸೇರಿ ಸರ್ಕಲ್ಲಿನಲ್ಲಿ ನಿಂತು ಬೀದಿನಾಟಕ ಆಡ್ತಾಳೆ. ಸರ್ಕಾರದ ಮೇಲೆ ಏನೇನೋ ಕೂಗ್ತಾರೆ. ನಮ್ಮಂಥ ಮನೆಯ ಹೆಣ್ಣುಮಗುವಿಗೆ ಇದು ಒಪ್ಪುತ್ತದೆಯೇ?" ಎಂದರು ತಾಯಿ.

ಹುಡುಗಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, "ತಾತ, ಅಮ್ಮ ಬೈಯೋದಕ್ಕೆ ನನಗೆ ಬೇಜಾರಿಲ್ಲ. ನನ್ನ ಬೇಜಾರೇ ಬೇರೆ. ನಾವು ಹನ್ನೊಂದು ಕಡೆ ಆಡಿದೆವು. ಜನ ನಿಂತು ನೋಡಿದರು, ಚಪ್ಪಾಳೆ ತಟ್ಟಿದರು, ಮೊಬೈಲಿನಲ್ಲಿ ಹಿಡಿದುಕೊಂಡರು, ಹೊರಟುಹೋದರು. ಏನೂ ಬದಲಾಗಲಿಲ್ಲ. ಇನ್ನು ಯಾಕೆ ಆಡಬೇಕು, ಅದನ್ನು ಹೇಳಿ" ಎಂದಳು.

ತಾಯಿಯ ಪ್ರಶ್ನೆ ಮರ್ಯಾದೆಯದು. ಮಗಳ ಪ್ರಶ್ನೆ ಫಲದ್ದು. ಎರಡಕ್ಕೂ ಆ ಸಂಜೆ ನಮ್ಮ ಬಾಯಿಂದ ಉತ್ತರ ಹೊರಡಲಿಲ್ಲ. ಮುಂದಿನ ಸೋಮವಾರ ಹೇಳುತ್ತೇವೆಂದು ಕಳುಹಿಸಿಕೊಟ್ಟೆವು. ಆ ಒಂದು ವಾರ ನಮ್ಮ ಮನಸ್ಸಿನಲ್ಲಿ ನಡೆದ ಮಥನವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಇಂಥ ಮಕ್ಕಳು ಈಗ ಅನೇಕ ಮನೆಗಳಲ್ಲಿದ್ದಾರೆ. ಇಂಥ ತಾಯಂದಿರೂ ಇದ್ದಾರೆ.

ಶರಣರ ನಡುವೆ ವೇಷಧಾರಿ

ತಾಯಿಯ ಸಂಶಯವನ್ನು ಮೊದಲು ಎತ್ತಿಕೊಳ್ಳೋಣ. ವೇಷ ಕಟ್ಟುವುದು, ಆಡುವುದು, ಹಾಡುವುದು ನಮ್ಮ ಪರಂಪರೆಗೆ ಹೊರತಾದುದೇ? ಹನ್ನೆರಡನೆಯ ಶತಮಾನದ ಶರಣಗಣದತ್ತ ಒಮ್ಮೆ ದೃಷ್ಟಿ ಹರಿಸಿದರೆ ಸಾಕು, ಸಂಶಯ ಅಳಿಯುತ್ತದೆ. ಬಹುರೂಪಿ ಚೌಡಯ್ಯನ ಕಾಯಕವೇ ವೇಷಗಾರಿಕೆ. ನಾನಾ ರೂಪಗಳನ್ನು ಧರಿಸಿ ಜನರ ಮುಂದೆ ಆಡಿ, ಬಂದುದರಿಂದ ಜಂಗಮ ದಾಸೋಹ ನಡೆಸಿದ ಶರಣ ಆತ. 'ರೇಕಣ್ಣಪ್ರಿಯ ನಾಗಿನಾಥ' ಎಂಬ ಅಂಕಿತದಲ್ಲಿ ಆತನ ವಚನಗಳು ನಮಗೆ ದೊರೆತಿವೆ. ನಗೆಯ ಮಾರಿತಂದೆ ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡವನು. ಢಕ್ಕೆಯ ಬೊಮ್ಮಣ್ಣ ಢಕ್ಕೆ ಬಾರಿಸುವವನು. ಕಿನ್ನರಿ ಬೊಮ್ಮಯ್ಯ ಕಿನ್ನರಿ ನುಡಿಸುವವನು.

ಇವರಿಗೆ ಶರಣರ ಪಂಕ್ತಿಯಲ್ಲಿ ಸ್ಥಾನ ದೊರೆತದ್ದು ಸಣ್ಣ ಸಂಗತಿಯೆಂದು ಯಾರೂ ಭಾವಿಸಬಾರದು. ನಟನ ಮನೆಯ ಅನ್ನವನ್ನು ಉಣ್ಣಲಾಗದೆಂದು ಮನುಸ್ಮೃತಿ ವಿಧಿಸಿದೆ. ಅಂಥ ನಟನನ್ನು ಕರೆದು, ಕೂರಿಸಿ, ಆತನ ಅನುಭಾವದ ಮಾತನ್ನು ಕೇಳಿ, ಆತನ ದಾಸೋಹದ ಪ್ರಸಾದವನ್ನು ಸ್ವೀಕರಿಸಿದ್ದು ಅಂದಿನ ವ್ಯವಸ್ಥೆಗೆ ಒಡ್ಡಿದ ನೇರ ಪ್ರತಿಭಟನೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯಿಂದ ಕಲ್ಯಾಣದ ಸಿಂಹಾಸನ ನಡುಗಿತೆಂದು ನಾವು ಪ್ರತಿ ಬಸವ ಜಯಂತಿಯಲ್ಲೂ ಹೇಳುತ್ತೇವೆ. ಆ ಮದುವೆಗೆ ಮೊದಲು ಇಂಥ ಎಷ್ಟೋ ಪಂಕ್ತಿಗಳು ನಡೆದಿದ್ದವೆಂಬುದನ್ನು ಹೇಳಲು ಮರೆಯುತ್ತೇವೆ.

ಇಲ್ಲೊಂದು ಸೋಜಿಗವನ್ನೂ ಹೇಳಬೇಕು. ಮೈಸೂರಿನ ರಂಗಾಯಣ 2001ರಿಂದ ನಡೆಸಿಕೊಂಡು ಬಂದಿರುವ ನಾಟಕೋತ್ಸವದ ಹೆಸರು 'ಬಹುರೂಪಿ'. ಕಲಾಮಂದಿರದ ಆವರಣದಲ್ಲಿ ಆ ಹೆಸರಿನ ಫಲಕವನ್ನು ಕಂಡಾಗಲೆಲ್ಲ ನಮಗೆ ಚೌಡಯ್ಯನ ನೆನಪಾಗುತ್ತದೆ. ಹಾಗೆಯೇ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳ್ತನದಲ್ಲಿ ರೈತಸಂಘದವರು ವಿಧಾನಸೌಧದ ಮುಂದೆ ಸೇರಿ, ಕೂಗದೆ, ಕಲ್ಲೆಸೆಯದೆ, ಸರ್ಕಾರವನ್ನು ಕುರಿತು ಗಟ್ಟಿಯಾಗಿ ನಗುವುದನ್ನೇ ಚಳವಳಿಯಾಗಿ ಮಾಡಿದರೆಂದು ಕೇಳಿದಾಗ ನಮಗೆ ಮಾರಿತಂದೆ ನೆನಪಾಗಿದ್ದ. ನಗೆಗೂ ಒಂದು ಕಾಯಕವಿದೆ.

ಅರಮನೆಯ ರಂಗದಿಂದ ಬೀದಿಯ ರಂಗಕ್ಕೆ

ಮೈಸೂರಿನ ರಂಗಭೂಮಿಯಾದರೋ ಹುಟ್ಟಿದ್ದು ಅರಮನೆಯ ನೆರಳಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ನಾಟಕ ಮಂಡಳಿ ಬೆಳೆಯಿತು. ಅದಕ್ಕೆ ನಾಟಕಗಳನ್ನು ಬರೆದುಕೊಟ್ಟವರಲ್ಲಿ ಅಗ್ರಗಣ್ಯರು ನಮ್ಮವರೇ ಆದ ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳು (1843–1891). ಶಾಕುಂತಲವನ್ನು ಕನ್ನಡಿಸಿದವರು, ಶೇಕ್ಸ್‌ಪಿಯರನ ಒಥೆಲೊ ನಾಟಕವನ್ನು 'ಶೂರಸೇನ ಚರಿತ್ರೆ'ಯಾಗಿ ರೂಪಾಂತರಿಸಿದವರು, ಮೈಸೂರು ಸಂಸ್ಥಾನದ ನಾಡಗೀತೆಯನ್ನು ರಚಿಸಿದವರು ಅವರೇ. ಆ ರಂಗದ ವೈಭವಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅನ್ನ ಹಾಕುವ ದೊರೆಯ ಎದುರಿನಲ್ಲಿ ದೊರೆಯನ್ನು ಪ್ರಶ್ನಿಸುವ ಅವಕಾಶ ಆ ರಂಗಕ್ಕೆ ಇರಲಿಲ್ಲ. ಅದನ್ನು ಅಲ್ಲಿ ನಿರೀಕ್ಷಿಸುವುದೂ ನ್ಯಾಯವಲ್ಲ.

ಅದೇ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಪರಿಸರದಲ್ಲಿ, ಕುವೆಂಪು ಅವರು 1928ರಲ್ಲಿ 'ಜಲಗಾರ'ವನ್ನು ಬರೆದರು. ದೇವಾಲಯದ ಒಳಗೆ ಹೋಗಲಾಗದ ಬೀದಿಗುಡಿಸುವವನ ಬಳಿಗೆ ಶಿವನೇ ಜಲಗಾರನ ರೂಪದಲ್ಲಿ ಬರುವ ಆ ಪುಟ್ಟ ನಾಟಕ ಬಂದಾಗ ರಾಜರ ಆಳ್ವಿಕೆಯೇ ಇತ್ತು. 1944ರಲ್ಲಿ 'ಶೂದ್ರ ತಪಸ್ವಿ' ಬಂದಿತು. ಶಂಬೂಕನ ಕಥೆಯನ್ನು ತಿರುಗಿಸಿ ಬರೆದ ಆ ನಾಟಕ ಪಂಡಿತವಲಯದಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಬಿ.ವಿ. ಕಾರಂತರ ಸಾರಥ್ಯದಲ್ಲಿ 1989ರಲ್ಲಿ ಆರಂಭವಾದ ರಂಗಾಯಣ ಮುಂದೆ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಅದೇ ನಾಟಕವನ್ನು ರಂಗಕ್ಕೆ ತಂದು ಹೊಸ ಪೀಳಿಗೆಗೆ ತೋರಿಸಿತು. ಪುಸ್ತಕದಲ್ಲಿ ಮಲಗಿದ್ದ ಪ್ರತಿಭಟನೆ ಐದು ದಶಕಗಳ ತರುವಾಯ ಎದ್ದು ನಿಂತದ್ದು ರಂಗದ ಮೇಲೆ.

ಈ ನಡುವೆ ನಾಟಕವು ಮಂದಿರವನ್ನೂ ಪರದೆಯನ್ನೂ ತೊರೆದು ಬೀದಿಗಿಳಿದಿತ್ತು. ತುರ್ತು ಪರಿಸ್ಥಿತಿ ಘೋಷಣೆಯಾದ 1975ರಲ್ಲಿಯೇ ಪ್ರಸನ್ನ ಮತ್ತು ಸಂಗಡಿಗರಿಂದ 'ಸಮುದಾಯ' ತಂಡ ಹುಟ್ಟಿತು. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಕವಿ ಸಿದ್ಧಲಿಂಗಯ್ಯನವರ ಹಾಡುಗಳು ಮೊಳಗಿದವು. ಸ್ವಾತಂತ್ರ್ಯ ಯಾರ ಮನೆಯ ಬಾಗಿಲಿಗೆ ಬಂದಿತೆಂದು ಕೇಳುವ ಅವರ ಹಾಡನ್ನು ಕೇಳದ ಹಳ್ಳಿ ಆ ದಶಕದಲ್ಲಿ ಹಳೆ ಮೈಸೂರು ಸೀಮೆಯಲ್ಲಿ ವಿರಳ.

ನಾವು ಕಂಡ ಬೀದಿನಾಟಕ

1979ರಲ್ಲಿ ಸಮುದಾಯದವರು ನಾಡಿನಾದ್ಯಂತ ಜಾಥಾ ನಡೆಸಿದರು. ನಾವಾಗ ಮೈಸೂರಿನ ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ ಇದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದೆವು. ವಯಸ್ಸು ಹತ್ತೊಂಬತ್ತು. ಒಂದು ಸಂಜೆ ಚಿಕ್ಕಗಡಿಯಾರದ ಬಳಿ ತಮಟೆಯ ಸದ್ದು ಕೇಳಿ ಜನರೊಡನೆ ನಾವೂ ನಿಂತೆವು. ವೇದಿಕೆಯಿಲ್ಲ, ದೀಪವಿಲ್ಲ, ಬಣ್ಣವಿಲ್ಲ. ಹತ್ತು ಹನ್ನೆರಡು ಮಂದಿ ಯುವಕರು ಜನರ ನಡುವೆಯೇ ಜಾಗ ಮಾಡಿಕೊಂಡು ಆಡಿದರು. ನಾಟಕದ ಹೆಸರು 'ಬೆಲ್ಚಿ', ಸಿ.ಜಿ. ಕೃಷ್ಣಸ್ವಾಮಿಯವರು ಕಟ್ಟಿದ್ದು. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ 11 ಮಂದಿಯನ್ನು ಕೊಂದು ಬೆಂಕಿಗೆ ಹಾಕಿದರು. ಸತ್ತವರಲ್ಲಿ 8 ಮಂದಿ ದಲಿತರು. ಆ ಘಟನೆಯೇ ನಾಟಕದ ವಸ್ತು.

ನಾಟಕ ಮುಗಿದ ಮೇಲೆ ಜನ ಚದುರಿದರು. ಟೋಪಿಗೆ ಚಿಲ್ಲರೆ ಬಿದ್ದಿತು. ನಾವೂ ನಾಲ್ಕಾಣೆ ಹಾಕಿ, ನಿಲಯದ ಪೂಜೆಗೆ ಹೊತ್ತಾಯಿತೆಂದು ಓಡಿದೆವು. ಆ ಹುಡುಗಿ ಹೇಳಿದ ಹಾಗೆಯೇ ಏನೂ ಬದಲಾಗಲಿಲ್ಲ.

ದೀಪಾವಳಿಗೆ ಊರಿಗೆ ಹೋದೆವು. ನಮ್ಮದು ನಂಜನಗೂಡು ಸೀಮೆಯ ಒಕ್ಕಲುತನದ ಮನೆ. ಮಧ್ಯಾಹ್ನ ಹೊಲದಿಂದ ಬಂದ ಹಿರಿಯ ಆಳುಮಗ ಹಿತ್ತಲ ಬಾಗಿಲಲ್ಲಿ ನಿಂತು, "ಅವ್ವಾ, ಒಸಿ ನೀರು" ಎಂದ. ನಮ್ಮ ಮಾತೋಶ್ರೀಯವರು ಚೊಂಬು ತಂದು, ಒಂದು ಮೊಳ ಎತ್ತರದಿಂದ ಆತನ ಬೊಗಸೆಗೆ ನೀರು ಹೊಯ್ದರು. ಆತ ಬಗ್ಗಿ ಕುಡಿದ. ಹುಟ್ಟಿದಂದಿನಿಂದ ಪ್ರತಿದಿನ ಕಂಡಿದ್ದ ನೋಟ ಅದು. ಆ ದಿನ ಮಾತ್ರ ಅದು ನೋಟವಾಗಿ ಕಂಡಿತು. ಬೆಲ್ಚಿ ಬಿಹಾರದಲ್ಲಿ ಇರಲಿಲ್ಲ, ನಮ್ಮ ಹಿತ್ತಲಲ್ಲಿತ್ತು. ನಮ್ಮ ಅವ್ವ ಕೆಟ್ಟವರಲ್ಲ. ಲಿಂಗಪೂಜೆಯಿಲ್ಲದೆ ನೀರನ್ನೂ ಮುಟ್ಟದ, ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸದ ಶಿವಶರಣೆ. ಆದುದರಿಂದಲೇ ನಮ್ಮ ಎದೆ ಇನ್ನಷ್ಟು ಕುಗ್ಗಿತು.

ನಾವು ಆ ದಿನ ಏನಾದರೂ ಹೇಳಿದೆವೇ? ಇಲ್ಲ. ಧೈರ್ಯ ಸಾಲಲಿಲ್ಲ. ಮರುವರ್ಷವೂ ಹೇಳಲಿಲ್ಲ. ಆರು ವರ್ಷಗಳು ಕಳೆದು, ನಮಗೆ ಮದುವೆಯಾಗಿ, ನಮ್ಮ ಮನೆಯವರು ಆ ಬಾಗಿಲಿಗೆ ಬಂದ ಮೇಲೆ ಒಂದು ದಿನ ಚೊಂಬನ್ನೇ ಜಗಲಿಯ ಮೇಲಿಟ್ಟು, "ಎತ್ತಿಕೊಂಡು ಕುಡಿಯಿರಿ" ಎಂದೆವು. ಆ ವೃದ್ಧ, "ಬ್ಯಾಡಿ ಬುದ್ಧೀ, ಅವ್ವ ಬೇಜಾರು ಮಾಡ್ಕತಾರೆ" ಎಂದು ಹಿಂದೆ ಸರಿದ. ನಾವು ಬಿಡಲಿಲ್ಲ. ಚೊಂಬು ಹಿಡಿದ ಆತನ ಕೈ ನಡುಗುತ್ತಿತ್ತು. ಅವ್ವ ಮಾತಾಡದೆ ಒಳಗೆ ಹೋದರು. ಮೂರು ದಿನ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಆತ ಬಂದಾಗ ಚೊಂಬು ತಂದು ಜಗಲಿಯ ಮೇಲಿಟ್ಟವರು ಅವರೇ.

ಬೆಲ್ಚಿಯ ಸತ್ತವರು ಎದ್ದು ಬರಲಿಲ್ಲ. ಯಾವ ಸರ್ಕಾರವೂ ಬೀಳಲಿಲ್ಲ. ಆದರೆ ಒಂದು ಚೊಂಬು ಒಂದು ಮೊಳ ಕೆಳಗಿಳಿಯಿತು. ಚಿಕ್ಕಗಡಿಯಾರದ ಬಳಿ ಆಡಿದ ಯುವಕರಿಗೆ ಈ ಸುದ್ದಿ ತಲುಪಿಲ್ಲ, ತಲುಪುವುದೂ ಇಲ್ಲ. ಆಡಿದವನಿಗೆ ತನ್ನ ಆಟದ ಫಲ ಕಾಣುವುದಿಲ್ಲವೆಂಬುದು ಈ ಕಾಯಕದ ಕಷ್ಟ.

ಫಲವನ್ನು ಅಳೆಯುವ ಬಗೆ

ಹಾಗೆಂದು ಕಲೆಯನ್ನು ಅತಿಯಾಗಿ ಹೊಗಳುವುದೂ ತರವಲ್ಲ. 1982ರ ಗೋಕಾಕ್ ಚಳವಳಿಯನ್ನು ನೆನೆಯೋಣ. ಗುಬ್ಬಿ ಕಂಪನಿಯಲ್ಲಿ ಪಳಗಿದ ನಟ ಡಾ. ರಾಜ್‌ಕುಮಾರ್ ಅವರು ಬಣ್ಣ ಕಳಚಿ ಬೀದಿಗಿಳಿದಾಗ, ಅದುವರೆಗೆ ಸಾಹಿತಿಗಳ ಹೋರಾಟವಾಗಿದ್ದುದು ಜನತೆಯ ಹೋರಾಟವಾಯಿತು. ಮರುವರ್ಷ, 1983ರ ಜನವರಿಯ ಚುನಾವಣೆಯಲ್ಲಿ ಆಳುತ್ತಿದ್ದ ಪಕ್ಷ ಸೋತಿತು. ನಟನೊಬ್ಬ ಸರ್ಕಾರವನ್ನು ಉರುಳಿಸಿದನೆಂದು ಹೇಳಿಬಿಡುವುದು ಸುಲಭ. ಆದರೆ ನರಗುಂದ-ನವಲಗುಂದದ ರೈತರ ಸಿಟ್ಟು, ಬೆಲೆಗಳ ಏರಿಕೆ, ಪಕ್ಷಗಳ ಒಗ್ಗೂಡುವಿಕೆ ಇವೆಲ್ಲವೂ ಅಲ್ಲಿ ಸೇರಿದ್ದವು. ಕಲಾವಿದನು ತಂದದ್ದು ಜನರನ್ನು, ಸೋಲಿಸಿದ್ದು ಜನರು.

ದೂರದ ಎಸ್ಟೋನಿಯ ಎಂಬ ಪುಟ್ಟ ದೇಶದ ಉದಾಹರಣೆಯೂ ಇದನ್ನೇ ಸಾರುತ್ತದೆ. ಸೋವಿಯತ್ ಆಳ್ವಿಕೆಯಲ್ಲಿದ್ದ ಆ ನಾಡಿನಲ್ಲಿ 1988ರ ಸೆಪ್ಟೆಂಬರಿನಲ್ಲಿ ರಾಜಧಾನಿ ತಾಲಿನ್ನಿನ ಮೈದಾನದಲ್ಲಿ ಸುಮಾರು 3 ಲಕ್ಷ ಜನ ಸೇರಿ ತಮ್ಮ ನಾಡಿನ ಹಾಡುಗಳನ್ನು ಹಾಡಿದರು. ಇಡೀ ದೇಶದ ಜನಸಂಖ್ಯೆಯೇ 15 ಲಕ್ಷದ ಆಸುಪಾಸು. 1991ರಲ್ಲಿ ಅವರು ಸ್ವತಂತ್ರರಾದರು. ಹಾಡಿನಿಂದಲೇ ಸ್ವಾತಂತ್ರ್ಯ ಬಂದಿತೇ? ಸೋವಿಯತ್ ಒಕ್ಕೂಟವೇ ಆಗ ಒಳಗಿನಿಂದ ಕುಸಿಯುತ್ತಿತ್ತು. ಆದರೆ ಭಯದಿಂದ ಮನೆಯೊಳಗೆ ಒಬ್ಬೊಬ್ಬರಾಗಿ ಇದ್ದವರು ತಾವು ಮೂರು ಲಕ್ಷ ಮಂದಿ ಇದ್ದೇವೆಂದು ತಿಳಿದದ್ದು ಹಾಡಿನಿಂದ. ಅಂಜಿಕೆ ಕಳೆಯುವ ಬಲ ಸಾಮೂಹಿಕ ಕಲೆಗೆ ಇದೆ.

ಕಲೆ ನಿಷ್ಫಲವೆನ್ನುವವರಿಗೆ ಆಳುವವರ ನಡತೆಯೇ ಉತ್ತರ. 1876ರಲ್ಲಿಯೇ ಬ್ರಿಟಿಷ್ ಸರ್ಕಾರ ನಾಟಕ ಪ್ರದರ್ಶನಗಳನ್ನು ನಿರ್ಬಂಧಿಸುವ ಕಾಯಿದೆ ತಂದಿತು. ಖಾಡಿಲ್ಕರರ ಮರಾಠಿ ನಾಟಕ 'ಕೀಚಕವಧ' 1907ರಲ್ಲಿ ರಂಗಕ್ಕೆ ಬಂದಿತು. ಪ್ರೇಕ್ಷಕರು ಕೀಚಕನಲ್ಲಿ ವೈಸರಾಯ್ ಕರ್ಜನನನ್ನು ಕಂಡರು. 1910ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಮಹಾಭಾರತದ ಕಥೆಗೆ ಸಾಮ್ರಾಜ್ಯವೇ ಅಂಜಿತು! ಸ್ವಾತಂತ್ರ್ಯ ಬಂದ ಮೇಲೂ ಆ ಕಾಯಿದೆ ಉಳಿಯಿತು. ಅದನ್ನು ಕೇಂದ್ರವು ರದ್ದುಪಡಿಸಿದ್ದು 2018ರಲ್ಲಿ. ಆಟ ಬರಿಯ ಆಟವೇ ಆಗಿದ್ದರೆ ಅದಕ್ಕೊಂದು ಕಾಯಿದೆಯೇಕೆ?

ಕಾಯಿದೆಯಿಂದ ಆಗದುದನ್ನು ಕೋಲು, ಕಬ್ಬಿಣದಿಂದ ಮಾಡಿಸುವವರೂ ಇದ್ದಾರೆ. 1989ರ ಜನವರಿ 1ರಂದು ದೆಹಲಿಯ ಹೊರವಲಯದ ಸಾಹಿಬಾಬಾದಿನಲ್ಲಿ ಕಾರ್ಮಿಕರ ಪರವಾಗಿ ಬೀದಿನಾಟಕ ಆಡುತ್ತಿದ್ದಾಗ ಸಫ್ದರ್ ಹಾಶ್ಮಿ ಅವರ ತಂಡದ ಮೇಲೆ ಹಲ್ಲೆಯಾಯಿತು. ಮರುದಿನ ಅವರು ಪ್ರಾಣ ಬಿಟ್ಟರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಅದೇ ತಂಡದೊಡನೆ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು. ಹೆಣ್ಣುಮಗುವಿಗೆ ಬೀದಿನಾಟಕ ಒಪ್ಪುತ್ತದೆಯೇ ಎಂದು ಕೇಳಿದ ತಾಯಿಗೆ ಈ ಸಂಗತಿಯನ್ನು ಹೇಳಬೇಕೆಂದು ನಮಗೆ ತೋರಿತು.

ಆದರೆ ಆಟವೇ ಎಲ್ಲವನ್ನೂ ಮಾಡುವುದೆಂಬ ಭ್ರಮೆ ಬೇಡ. ಮೈಸೂರಿನಲ್ಲಿ ರಾಮಸ್ವಾಮಿ ವೃತ್ತವನ್ನು ದಾಟದ ದಿನ ನಮ್ಮವರಿಗೆ ಕಡಿಮೆ. 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದಾಗ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ಆ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಸಾವಿರಾರು ಜನ ಸೆರೆಮನೆ ಸೇರಿದ್ದರಿಂದ. ಹಾಡು ಅವರನ್ನು ನಡೆಸಿರಬಹುದು. ನಡೆದದ್ದು ಅವರ ಕಾಲು. ನೋಡಿದವರನ್ನು ಮುಂದಕ್ಕೆ ಕರೆದೊಯ್ಯುವ ಸಂಘಟನೆ ಹಿಂದೆ ಇಲ್ಲದಿದ್ದರೆ ಬೀದಿನಾಟಕವು ಬೀದಿಯಲ್ಲೇ ಮುಗಿಯುತ್ತದೆ.

ಕನ್ನಡಿ ನಮ್ಮತ್ತ ತಿರುಗಿದಾಗ

ಇಷ್ಟು ಬರೆದು ಲೇಖನಿ ಕೆಳಗಿಟ್ಟಿದ್ದರೆ ಲೇಖನ ಹಿತವಾಗಿಯೇ ಇರುತ್ತಿತ್ತು. ಆದರೆ ನಮ್ಮ ಬಾಯಿ ಆ ಸಂಜೆ ಕಟ್ಟಿಹೋದುದಕ್ಕೆ ಕಾರಣ ಬೇರೆಯೇ ಇದೆ.

ನಮ್ಮ ಸೀಮೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆಯನ್ನು ವಾಚಕರಲ್ಲಿ ಹಲವರು ಚಿಕ್ಕಲ್ಲೂರು ಜಾತ್ರೆಯಲ್ಲೋ ಕಪ್ಪಡಿಯಲ್ಲೋ ಕೇಳಿರಬಹುದು. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಕೊಳೆತ ಮೈ, ಹರಕು ಬಟ್ಟೆ, ಅಸ್ಪೃಶ್ಯನ ವೇಷ. ಬಾಗಿಲು ಕಾಯುವವರು ಹೊಡೆದಟ್ಟುತ್ತಾರೆ. ಲಕ್ಷ ಜಂಗಮರಿಗೆ ಪಂಕ್ತಿ ಹಾಕುವ ಪಟ್ಟಣದಲ್ಲಿ ಒಬ್ಬ ಬಡವನಿಗೆ ಜಾಗವಿಲ್ಲ. ಗುರುತಿಸುವವರು ಬಸವಣ್ಣ ಮತ್ತು ನೀಲಮ್ಮ ಮಾತ್ರ. ಶರಣಧರ್ಮವನ್ನು ಅಲ್ಲಗಳೆಯುವ ಕಥೆ ಇದಲ್ಲ. ಶರಣರೆನಿಸಿಕೊಂಡವರ ನಡತೆಯನ್ನು ಪರೀಕ್ಷಿಸುವ ಕಥೆ. ಶತಮಾನಗಳಿಂದ ಶೋಷಿತರು ನಮ್ಮ ಮುಂದೆಯೇ ಹಾಡುತ್ತ ಬಂದಿರುವ ಪ್ರತಿಭಟನೆ ಅದು. ನಾವು ತಲೆದೂಗಿ ಕೇಳಿ, ಭತ್ತ ರಾಗಿ ಕೊಟ್ಟು, ಮನೆಗೆ ಬಂದು ಚೊಂಬನ್ನು ಮತ್ತೆ ಮೇಲಕ್ಕೆತ್ತಿದ್ದೇವೆ.

ಈ ಕಾಲದ ನಾಟಕಕಾರರೂ ಕಲ್ಯಾಣದ ಕ್ರಾಂತಿಯನ್ನು ಮತ್ತೆ ಮತ್ತೆ ರಂಗಕ್ಕೆ ತಂದಿದ್ದಾರೆ. ಲಂಕೇಶರು 'ಸಂಕ್ರಾಂತಿ' ಬರೆದರು. ಮಂಡಲ್ ವರದಿ ಮತ್ತು ಮಂದಿರದ ವಿವಾದಗಳಿಂದ ದೇಶ ಉರಿಯುತ್ತಿದ್ದಾಗ 1990ರಲ್ಲಿ ಗಿರೀಶ ಕಾರ್ನಾಡರು 'ತಲೆದಂಡ' ಬರೆದರು. ಅದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದಕ್ಕೂ ಮೊದಲೇ, 1986ರಲ್ಲಿ ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ' ದುಡಿಯುವ ಜನರ ಕಣ್ಣಿನಿಂದ ಕಲ್ಯಾಣವನ್ನು ನೋಡಿತ್ತು. 1995ರಲ್ಲಿ ಈ ನಾಟಕದಿಂದ ಬಸವಣ್ಣನವರಿಗೆ ಅಪಮಾನವಾಗಿದೆಯೆಂದು ನಮ್ಮ ಸಮಾಜದ ಒಂದು ವರ್ಗ ಎದ್ದು ನಿಂತಿತು. ನಿಷೇಧದ ಕೂಗು ಕೇಳಿಬಂತು.

ಆಗ ನಾವು ಅಧ್ಯಾಪಕರಾಗಿದ್ದೆವು. ಪರಿಚಿತರೊಬ್ಬರು ಒಂದು ಮನವಿಪತ್ರ ತಂದು ಮುಂದಿಟ್ಟರು. ನಾವು ಸಹಿ ಹಾಕಿದೆವು. ನಾಟಕದ ಒಂದು ಪುಟವನ್ನೂ ಓದಿರಲಿಲ್ಲ. ರಂಗದ ಮೇಲೂ ನೋಡಿರಲಿಲ್ಲ. ಹಿರಿಯರು ಹೇಳಿದರು, ನಾಲ್ವರು ಹಾಕಿದ್ದರು, ಐದನೆಯವರು ನಾವು. ಮೂರು ವರ್ಷಗಳ ಮೇಲೆ ಗ್ರಂಥಾಲಯದಲ್ಲಿ ಆ ಪುಸ್ತಕ ಕೈಗೆ ಸಿಕ್ಕಿತು. ಒಂದೇ ದಿನದಲ್ಲಿ ಓದಿ ಮುಗಿಸಿದೆವು. ಕೆಲವು ಕಡೆ ನಮ್ಮ ಒಪ್ಪಿಗೆಯಿಲ್ಲ, ಇಂದಿಗೂ ಇಲ್ಲ. ಆದರೆ ನಿಷೇಧಿಸುವಂಥದ್ದು ನಮಗೆ ಕಾಣಲಿಲ್ಲ. ಒಪ್ಪದ ಮಾತಿಗೆ ಮಾತಿನಿಂದಲೇ ಉತ್ತರ ಕೊಡುವುದು ಅನುಭವ ಮಂಟಪದ ಪದ್ಧತಿ. ನಾವು ಆ ಮಂಟಪದ ವಾರಸುದಾರರೆಂದು ಹೇಳಿಕೊಂಡು, ಬಾಗಿಲು ಕಾಯುವವರ ಕೆಲಸ ಮಾಡಿದೆವು. ಆ ಸಹಿಯನ್ನು ಈಗ ಅಳಿಸಲಾಗದು. ಅಂಥ ಕೈಯಿಂದ ಆ ಮಗುವಿಗೆ "ಆಡಬೇಡ" ಎಂದು ಹೇಗೆ ತೋರಿಸುವುದು?

ಕಲೆ ಪ್ರತಿಭಟನೆಯಾಗಿ ಫಲಿಸುವುದೇ ಎಂಬ ಪ್ರಶ್ನೆಯನ್ನು ನಾವು ಸದಾ ಆಡುವವರ ಕಡೆಯಿಂದ ಕೇಳುತ್ತೇವೆ. ನೋಡುವವರ ಕಡೆಯಿಂದಲೂ ಕೇಳಬೇಕು. ಬೇರೆಯವರ ಅನ್ಯಾಯವನ್ನು ತೋರಿಸುವ ನಾಟಕಕ್ಕೆ ಚಪ್ಪಾಳೆ ತಟ್ಟುವುದು ಸುಲಭ. ನಮ್ಮದನ್ನು ತೋರಿಸಿದಾಗ ಕುಳಿತು ನೋಡುವ ತಾಳ್ಮೆ ಪ್ರೇಕ್ಷಕನಿಗೆ ಇದ್ದರೆ ಮಾತ್ರ ಆಟ ಫಲಿಸುತ್ತದೆ.

ಎರಡಲಗಿನ ಕತ್ತಿ

ಇನ್ನೊಂದು ಎಚ್ಚರಿಕೆಯ ಮಾತು. ರಂಗವು ದನಿಯಿಲ್ಲದವರ ಪರವಾಗಿಯೇ ಇರುತ್ತದೆಂಬ ನಿಯಮವಿಲ್ಲ. 2022ರ ನವೆಂಬರಿನಲ್ಲಿ ರಂಗಾಯಣದ ಅಂದಿನ ನಿರ್ದೇಶಕರಾದ ಅಡ್ಡಂಡ ಸಿ. ಕಾರ್ಯಪ್ಪನವರು 'ಟಿಪ್ಪು ನಿಜ ಕನಸುಗಳು' ಎಂಬ ನಾಟಕವನ್ನು ಬರೆದು ಆಡಿಸಿದಾಗ ಮೈಸೂರಿನಲ್ಲಿ ಪರ-ವಿರೋಧದ ಮಾತು ಜೋರಾಯಿತು. ಪುಸ್ತಕದ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಮುಚ್ಚಿಟ್ಟ ಸತ್ಯವನ್ನು ಹೇಳುತ್ತಿದ್ದೇವೆಂದರು ಒಂದು ಕಡೆಯವರು. ಸರ್ಕಾರದ ರಂಗವನ್ನು ಪಕ್ಷದ ರಂಗ ಮಾಡಲಾಗಿದೆಯೆಂದರು ಇನ್ನೊಂದು ಕಡೆಯವರು. ಆ ವಿವಾದದ ತೀರ್ಪು ನೀಡಲು ನಾವು ಇಲ್ಲಿ ಕುಳಿತಿಲ್ಲ. ಆದರೆ ಯಾವುದೇ ನಾಟಕವನ್ನು ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಆಟ ಬಲಿಷ್ಠನತ್ತ ಬೆರಳು ತೋರಿಸುತ್ತಿದೆಯೇ, ದುರ್ಬಲನತ್ತಲೇ? ಚೌಡಯ್ಯನ ಆಟವನ್ನೂ ಆಸ್ಥಾನದ ಆಟವನ್ನೂ ಬೇರ್ಪಡಿಸುವ ಗೆರೆ ಅದು.

ಮಠ ಮತ್ತು ಬೀದಿ ಒಂದನ್ನೊಂದು ದೂರವಿಡಬೇಕಾಗಿಲ್ಲ ಎಂಬುದಕ್ಕೆ ನಮ್ಮಲ್ಲಿಯೇ ಉತ್ತಮ ನಿದರ್ಶನವಿದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನೂ, 1997ರಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ತಂಡವನ್ನೂ ಕಟ್ಟಿದರು. ಬೀದಿಯಲ್ಲಿ 'ಬೆಲ್ಚಿ' ಆಡಿಸಿದ ಸಿ.ಜಿ. ಕೃಷ್ಣಸ್ವಾಮಿಯವರೇ ಆ ಮಠದ ರಂಗಕಾರ್ಯಕ್ಕೂ ಹೆಗಲು ಕೊಟ್ಟರು. 2019ರ ಆಗಸ್ಟಿನಲ್ಲಿ ನಡೆದ 'ಮತ್ತೆ ಕಲ್ಯಾಣ' ಅಭಿಯಾನದಲ್ಲಿ ಸ್ವಾಮಿಗಳು ಜಿಲ್ಲೆಯಿಂದ ಜಿಲ್ಲೆಗೆ ಸಂಚರಿಸಿ ಯುವಕರ ಪ್ರಶ್ನೆಗಳಿಗೆ ಉತ್ತರಿಸಿದರು. ಜೊತೆಗೆ ನಾಟಕವೂ ಸಂಚರಿಸಿತು. ಅಲ್ಲಿನ ಮಾದರಿ ಗಮನಾರ್ಹ: ಮೊದಲು ಸಂವಾದ, ಅನಂತರ ಆಟ. ನೋಡಿದವನು ಪ್ರಶ್ನೆ ಕೇಳಬಹುದು. ಕೇಳಿದವನು ಉತ್ತರ ಪಡೆಯಬಹುದು.

ಮುಂದಿನ ಸೋಮವಾರ

ಹೇಳಿದ ಮಾತಿನಂತೆ ತಾಯಿ-ಮಗಳು ಮುಂದಿನ ಸೋಮವಾರ ಬಂದರು. ನಾವು ತಾಯಿಗೆ ಬಹುರೂಪಿ ಚೌಡಯ್ಯನ ಕಥೆ ಹೇಳಿದೆವು. ಮಲಯಶ್ರೀಯವರ ಕಥೆಯನ್ನೂ ಹೇಳಿದೆವು. ನಮ್ಮ ಸಹಿಯ ಕಥೆಯನ್ನು ಹೇಳುವಾಗ ನಮ್ಮ ದನಿ ತಗ್ಗಿತ್ತು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಕತ್ತಲಾಗೋದರೊಳಗೆ ಮನೆಗೆ ಬರಬೇಕು ಅಂತಾದರೂ ಹೇಳಿ ಶಾಸ್ತ್ರಿಗಳೇ" ಎಂದರು. ಆ ಮಾತಿಗೆ ನಮ್ಮ ಸಂಪೂರ್ಣ ಸಮ್ಮತಿಯಿತ್ತು.

ಮಗಳಿಗೆ ಹೀಗೆಂದೆವು: "ಮಗಳೇ, ನಿನ್ನ ಆಟದಿಂದ ಅರಸೊತ್ತಿಗೆ ನಾಳೆಯೇ ಅಲುಗುವುದಿಲ್ಲ. ಅದನ್ನು ಅಲುಗಿಸುವವರು ಜನ. ಕಾಣದುದನ್ನು ಕಾಣಿಸುವುದು, ಅಂಜಿದವರ ಅಂಜಿಕೆ ಕಳೆಯುವುದು ನಿನ್ನ ಕಾಯಕ. ಆದ್ದರಿಂದ ಮೂರು ಮಾತು ನೆನಪಿಡು. ಆಟ ಮುಗಿದ ಕೂಡಲೇ ಹೊರಡಬೇಡ. ಅಲ್ಲಿಯೇ ಕುಳಿತು ನೋಡಿದವರೊಡನೆ ಮಾತಾಡು. ನೀನು ಯಾರ ನೋವನ್ನು ಆಡುತ್ತೀಯೋ ಅವರ ಮನೆಗೆ ಹೋಗಿ ಬಾ. ಅವರಿಲ್ಲದೆ ಅವರ ಆಟ ಆಡಬೇಡ. ಸರ್ಕಾರವನ್ನು ಪ್ರಶ್ನಿಸುವ ಹತ್ತು ನಾಟಕ ಆಡಿದರೆ, ನಮ್ಮನ್ನು ಪ್ರಶ್ನಿಸುವ ಒಂದನ್ನಾದರೂ ಆಡು."

ಆಕೆ ನಕ್ಕು, "ಅದನ್ನು ಎಲ್ಲಿ ಆಡೋದು ತಾತ?" ಎಂದಳು.

"ಇಲ್ಲಿಯೇ. ಪ್ರವಚನ ಮುಗಿದ ಮೇಲೆ, ಪ್ರಸಾದಕ್ಕೆ ಮೊದಲು. ಮುಂದಿನ ಸಾಲಿನಲ್ಲಿ ನಾವು ಕೂರುತ್ತೇವೆ" ಎಂದೆವು.

ಕಾರ್ತಿಕದಲ್ಲಿ ಅವರು ಬಂದು ಆಡಿದರು. ಇಪ್ಪತ್ತೈದು ನಿಮಿಷದ ಆಟ. ಒಂದು ಮನೆಯಲ್ಲಿ ಕೆಲಸದಾಕೆಗೆಂದು ಬೇರೆ ಇಟ್ಟಿರುವ ಲೋಟದ ಕಥೆ. ನಗುತ್ತ ಆರಂಭಿಸಿದ ಸಭೆ ಕೊನೆಗೆ ಮೌನವಾಗಿತ್ತು. ಇಬ್ಬರು ಹಿರಿಯರು ಅಸಮಾಧಾನದಿಂದ ಎದ್ದು ಹೋದರು. ಅವರ ಮನೆಗೆ ನಾವೇ ಹೋಗಿ ಮಾತಾಡಿ ಬಂದೆವು. ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. ಆಟ ಮುಗಿದ ಮೇಲೆ ಆ ಮಕ್ಕಳು ಹೊರಡದೆ ಕುಳಿತೇ ಇದ್ದರು. ಮೊದಲ ಪ್ರಶ್ನೆ ಕೇಳಿದವರು ಆ ಹುಡುಗಿಯ ತಾಯಿ.

ಎಷ್ಟು ಮನೆಗಳಲ್ಲಿ ಆ ಬೇರೆ ಲೋಟ ಒಳಗಿನ ಲೋಟಗಳೊಡನೆ ಸೇರಿತೋ ನಾವು ಎಣಿಸಲು ಹೋಗಿಲ್ಲ. ಅದನ್ನು ಎಣಿಸಬೇಕಾದವರು ಈ ಲೇಖನವನ್ನು ಓದುತ್ತಿರುವ ತಾವೇ. ಎಣಿಸಬೇಕಾದ ಜಾಗ ತಮ್ಮ ಅಡುಗೆಮನೆ.